ಪೆಟ್ಟಿಗೆಯ ಬೆನ್ನ ಮೇಲಿನ ಓಂ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಚಿಕ್ಕಪ್ಪನ ಸ್ಪೀಕರ್ ಪೆಟ್ಟಿಗೆಗಳು ನಮ್ಮ ಫ್ಲ್ಯಾಟಿಗೆ ಬಂದಾಗಲೇ ಬೆನ್ನ ಮೇಲೆ ಕುಂಕುಮವಿತ್ತೇ, ಅಮ್ಮ ಆಮೇಲೆ ಹಚ್ಚಿದಳೇ, ಖಾತ್ರಿಯಿಲ್ಲ. ಸೀಮೆಸುಣ್ಣದ ‘ಓಂ’ ಮತ್ತು ಅದರ ಪಕ್ಕದ ಅಂಕಿ ಮಾತ್ರ ಈಗಲೂ ಇವೆ.

ತಗ್ಗಿನ ದನಿಯನ್ನಷ್ಟೇ ಹೊರಡಿಸುವ ಆ ಎರಡು ಸಬ್‌ವೂಫರ್‌ಗಳನ್ನು ಚಿಕ್ಕಪ್ಪ ಪ್ಲೈವುಡ್ ಕೊಯ್ದು ತಾವೇ ಕಟ್ಟಿದ್ದರು. ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿದೆ. ಮಾತು ಕೇಳುವುದು ಕಷ್ಟ. ತಗ್ಗಿನ ದನಿ ಮಾತ್ರ ಮೈಗೆ ಮುಟ್ಟುತ್ತದೆ. ಮಾದನಾಯಕನಹಳ್ಳಿಯ ಸಣ್ಣ ಮನೆಗೆ ಹೋಗುವಾಗ ಅವನ್ನು ನಮಗೆ ಕೊಟ್ಟರು. ಒಳಗೆ ಆಂಪ್ಲಿಫೈಯರ್ ಇಲ್ಲದ ಪೆಟ್ಟಿಗೆಗಳು, ಹೊರಗೆ ಜೋಡಿಸಿದ್ದ ಆಂಪ್ಲಿಫೈಯರ್ ಸುಟ್ಟುಹೋಗಿತ್ತು.

“ಭಾನುವಾರ ನಿಮ್ಮ ಚಿಕ್ಕಪ್ಪ ಊಟಕ್ಕೆ ಬರ್ತಾರೆ. ಒಂದ್ಸಲ ನೋಡ್ಕೊಳ್ಲಿ. ಸೋಮವಾರ ಗುಜರಿಗೆ ಹಾಕ್ತೀನಿ,” ಎಂದಳು ಅಮ್ಮ. “ಚಪ್ಪಲಿ ಬಿಡೋಕೂ ಜಾಗ ಇಲ್ಲ ಇಲ್ಲಿ.”

ಅಷ್ಟರೊಳಗೆ, ಅವರಿಗೆ ಹೇಳದೆ, ಇವುಗಳ ಬಾಯಿ ಬಿಡಿಸಲೇಬೇಕು ಎಂದು ಹಟ ಹಿಡಿದೆ.

ಹೊಸ ಆಂಪ್ಲಿಫೈಯರ್ ಕೊಳ್ಳಲು ಹೋದರೆ ಚಂದಾಪುರದ ಅಂಗಡಿಯವನು ವಾಟ್ ಕೇಳಲಿಲ್ಲ. “ಎಷ್ಟು ಓಮ್ಸ್ ಮೇಡಂ?” ಎಂದ. ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ ಅದು. ತಡೆ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟು ಕೊಡಬೇಕು. ಆಗ ಹೊಳೆಯಿತು: ದೇವರದೆಂದುಕೊಂಡಿದ್ದ ಓಂ ಇದೇ ಇರಬೇಕು. ಫೋನಿನಲ್ಲಿದ್ದ ಫೋಟೋ ಹಿಗ್ಗಿಸಿ, “ಎಂಟು” ಎಂದೆ.

ಎಂಟು ಓಮಿಗೆಂದು ತಂದ ಆಂಪ್ಲಿಫೈಯರ್ ಒಂದು ಹಾಡು ಮುಗಿಯುವ ಮೊದಲೇ ಬಿಸಿಯಾಗಿ ತಾನೇ ಆಫ್ ಆಯಿತು. ಮತ್ತೆ ಹಾಕಿದೆ. ಮತ್ತೆ ಆಫ್.

“ಅದಕ್ಕೇ ಬೇಡ ಅಂದಿದ್ದು, ನಿಂಗ್ಯಾಕೆ ಇದೆಲ್ಲ?” ಎಂದಳು ಅಮ್ಮ.

ಪೆಟ್ಟಿಗೆ ತಿರುಗಿಸಿ, ಅಂಕಿಯ ತಲೆಯ ಮೇಲಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಹುಷಾರಾಗಿ ಒರೆಸಿದೆ. ಮೇಲ್ಭಾಗ ತೆರೆದುಕೊಂಡಿತು. ಅದು 8 ಅಲ್ಲ, ೪. ಅಚ್ಚ ಕನ್ನಡದ ನಾಲ್ಕು. ಎಂ.ಎ.ವರೆಗೆ ಕನ್ನಡವನ್ನೇ ಓದಿದವಳಿಗೆ ಅದು ಕಾಣದೆ ಹೋಯಿತು. ಈ ಸಲ ಕಣ್ಣನ್ನೂ ನಂಬದೆ, ಪಕ್ಕದ ಮನೆಯಿಂದ ತಡೆ ಅಳೆಯುವ ಮೀಟರ್ ತಂದು ಹಚ್ಚಿದೆ. ಮೂರೂವರೆಯ ಆಸುಪಾಸು ತೋರಿಸಿತು. ನಾಲ್ಕು ಓಮಿನ ಸ್ಪೀಕರ್ ತೋರಿಸುವುದೇ ಅಷ್ಟು.

“ಅಂಕಿ ಅವರದಿರಬಹುದು. ಓಂ ಮಾತ್ರ ನಂದು ಕಣೇ,” ಎಂದಳು ಅಮ್ಮ. “ಆಯುಧಪೂಜೆ ದಿನ ನಾನೇ ಬರ್ದಿದ್ದು.”

ಮತ್ತೆ ಹೋಗಿ ೪ರ ಕತೆ ಹೇಳಿದಾಗ ಅಂಗಡಿಯವನು ನಕ್ಕ. “ಈ ಸಲ ಯಾವ ಭಾಷೇಲಿ ಓದ್ಕೊಂಡು ಬಂದ್ರಿ ಮೇಡಂ?” ಬಣ್ಣಬಣ್ಣದ ಲೈಟು ಮಿನುಗುವ ದೊಡ್ಡದೊಂದನ್ನು ಮುಂದೆ ತಳ್ಳಿದ. ನಾನು ಬಗ್ಗಲಿಲ್ಲ. ನಾಲ್ಕು ಓಮ್ ತಾಳಬೇಕು, ಪ್ರತಿ ಪೆಟ್ಟಿಗೆಗೂ ಕರೆಂಟು ಕೊಡುವ ಪ್ರತ್ಯೇಕ ಚಾನೆಲ್ ಇರಬೇಕು, ತಗ್ಗಿನ ದನಿಯನ್ನಷ್ಟೇ ಒಳಗೆ ಬಿಡುವ ಗುಂಡಿ ಇರಬೇಕು. ಅಂಥದು ಮೂಲೆಯಲ್ಲಿ, ಧೂಳು ಹಿಡಿದು ಕೂತಿತ್ತು. ಬದಲಾಯಿಸಿಕೊಂಡು ಬಂದೆ.

ಭಾನುವಾರ ಊಟವಾದ ಮೇಲೆ ಹಾಡು ಹಾಕಿದೆ. ನೆಲ ಅದುರಿತು. ಚಿಕ್ಕಪ್ಪ ಮೊದಲು ನೆಲ ನೋಡಿದರು, ಆಮೇಲೆ ನನ್ನನ್ನು. ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತರು.

“ದನಿ ಬಂತಲ್ಲವ್ವಾ,” ಎಂದರು.

ಗುಜರಿಯ ಮಾತನ್ನು ಅಮ್ಮ ಎತ್ತಲಿಲ್ಲ. ನಾನು ಪೆಟ್ಟಿಗೆಯ ಹಿಂಬದಿ ತೋರಿಸಿ, ಅವರ ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದೆ. ಅವರು ಕಣ್ಣು ಮುಚ್ಚಿದ್ದರು, ಅಂಗೈ ತೆಗೆಯಲಿಲ್ಲ. ಕೇಳಿಸಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

“ಚಿಕ್ಕಪ್ಪ, ಈ ಓಂ ಅಮ್ಮ ಬರೆದ ದೇವರದಾ, ನೀವು ಬರೆದ ಕರೆಂಟಿನದಾ?”