ಆರಿಸುವ ಮೊದಲೇ ಅಳಿಸಿದ್ದು

ನನ್ನ ಹತ್ತಿರ ಒಂದು ಫೈಲ್ ಇದೆ. ಕಂಪ್ಯೂಟರಿಗೆ ಕೊಡುವ ಒಂದೊಂದು ಸಾಲಿನ ಕಮಾಂಡುಗಳು, ಪುಟ್ಟ ಕೋಡ್ ತುಣುಕುಗಳು, ಎಲ್ಲೋ ಓದಿದ್ದು, ಯಾರೋ ಹೇಳಿದ್ದು, ನಾನೇ ಒದ್ದಾಡಿ ಕಂಡುಕೊಂಡಿದ್ದು ಎಲ್ಲ ಅದರಲ್ಲಿವೆ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ವಾರವೇ ಅದನ್ನು ಶುರುಮಾಡಿದ್ದೆ. ಅಲ್ಲಿ ಪ್ರೋಗ್ರಾಂ ಬರೆಯುವವಳೂ ನಾನೇ, ಪ್ರಿಂಟರ್ ಕೆಟ್ಟರೆ ಓಡುವವಳೂ ನಾನೇ. ಗೊತ್ತಾಗದ್ದನ್ನು ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಆ ಫೈಲನ್ನೇ ಕೇಳುತ್ತಿದ್ದೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವಾಗಲೂ ಮೊಬೈಲಿನಲ್ಲಿ ಹೊಸ ಸಾಲು ಸೇರಿಸುವ ಚಟ.

ಒಂದು ಗುರುವಾರ ಊಟವಾದ ಮೇಲೆ ಡಯಾಲಿಸಿಸ್ ವಿಭಾಗದಿಂದ ಕರೆ ಬಂತು, ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋಗಿತ್ತು. ಪ್ರತಿ ಸಲದ ಡಯಾಲಿಸಿಸ್ಸಿಗೂ ರೋಗಿಯ ವಿವರ ಬರೆದಿಡುವ ಹಾಳೆಗಳಲ್ಲಿ ತಿಂಗಳು ದಾಟಿದವನ್ನು ಅಳಿಸುವ ಸಾಲು ನನ್ನ ಫೈಲಿನಲ್ಲಿತ್ತು. ಹಿಂದಿನ ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಸೇರಿಸಿದ್ದು; ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಕಾಪಿ ಮಾಡಿ ಎಂಟರ್ ಒತ್ತಿದೆ.

ಕ್ಷಣದಲ್ಲಿ ಮುಗಿಯಿತು. ಫೋಲ್ಡರ್ ತೆರೆದರೆ ಖಾಲಿ. ಹಳೆಯದಷ್ಟೇ ಅಲ್ಲ, ಅವತ್ತು ಬೆಳಿಗ್ಗೆ ಹಾಕಿದ್ದೂ ಇಲ್ಲ.

ಸಾಲನ್ನು ಮತ್ತೆ ಓದಿದೆ. ಹಳೆಯದನ್ನು ಆರಿಸು ಎನ್ನುವ ಭಾಗ ಮೊದಲು ಬರಬೇಕು, ಅಳಿಸು ಎನ್ನುವುದು ಕೊನೆಗೆ. ನಾನು ಹಿಂದುಮುಂದು ಬರೆದುಕೊಂಡಿದ್ದೆ. ಕಂಪ್ಯೂಟರ್ ನಾನು ಹೇಳಿದ ಕ್ರಮದಲ್ಲೇ ನಡೆದು, ಆರಿಸುವ ಮೊದಲೇ ಅಳಿಸಿತ್ತು.

ಭಾನುವಾರದ ಬ್ಯಾಕಪ್ ಇತ್ತು, ಅದನ್ನು ವಾಪಸ್ ಹಾಕಿದೆ. ಆದರೆ ಸೋಮವಾರದಿಂದ ಈಚಿನ ಹಾಳೆಗಳು ಎಲ್ಲೂ ಇರಲಿಲ್ಲ. ಫೋಲ್ಡರ್ ಮಾತ್ರ ತುಂಬಿದಂತೆ ಕಂಡಿತು. ಯಾರಿಗೂ ಗೊತ್ತಾಗಲಿಕ್ಕಿಲ್ಲ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹತ್ತು ನಿಮಿಷ ಬಾಯಿ ಬಿಡದೆ ಕೂತಿದ್ದೆ.

ಕಂಪ್ಯೂಟರ್ ಇದ್ದ ಕೋಣೆಯ ಗಾಜಿನಾಚೆ, ವಾರ್ಡಿನಲ್ಲಿ ಒಬ್ಬರು ನಿಧಾನವಾಗಿ ಮಂಚ ಹತ್ತಿ ಮಲಗಿದರು. ಭದ್ರಾವತಿ ಹಳೇನಗರದವರು, ಕಾರ್ಖಾನೆಯಿಂದ ರಿಟೈರಾದವರು. ಮಂಗಳವಾರ, ಗುರುವಾರ, ಶನಿವಾರ ಅವರ ಡಯಾಲಿಸಿಸ್. ಹೊಸದಾಗಿ ಸೇರಿದ ಸಿಸ್ಟರ್ ಮಂಚದ ಪಕ್ಕದ ಪರದೆಯ ಮೇಲೆ ಅವರ ಹಾಳೆ ತೆರೆದು ಓದಿ, ಸಿರಿಂಜಿಗೆ ಔಷಧಿ ಎಳೆದುಕೊಳ್ಳತೊಡಗಿದರು. ಅದು ಹೋದ ವಾರದ ಹಾಳೆ. ಮಂಗಳವಾರದ್ದನ್ನು ನಾನು ಅಳಿಸಿದ್ದೆ.

ಓಡಿದೆ. “ಸಿಸ್ಟರ್, ಕೊಡ್ಬೇಡಿ! ಅದು ಹಳೇ ಹಾಳೆ. ಮಂಗಳವಾರದ್ದು ನನ್ನ ಕೈಯಿಂದ ಅಳಿಸಿಹೋಗಿದೆ.”

ಅವರ ಕೈ ಅಲ್ಲೇ ನಿಂತಿತು. “ಯಾವಾಗ?”

“ಹತ್ತು ನಿಮಿಷ ಆಯ್ತು.”

“ಹತ್ತು ನಿಮಿಷದಿಂದ ಸುಮ್ನೆ ಕೂತಿದ್ರಾ?”

ಮಂಚದ ಮೇಲಿದ್ದವರು, “ಮಂಗಳವಾರ ಮೈಯೆಲ್ಲ ತುರಿಸಿ ಉಸಿರೂ ಕಟ್ಟಿತ್ತಮ್ಮ. ಯಾವ ಮದ್ದಿಗೆ ಅಂತ ನಂಗೇನು ಗೊತ್ತು?” ಅಂದರು.

ಮಂಗಳವಾರ ಡ್ಯೂಟಿಯಲ್ಲಿದ್ದ ಹಿರಿಯ ಸಿಸ್ಟರ್ ರಜೆಯಲ್ಲಿದ್ದರು. ಮೂರನೇ ಸಲಕ್ಕೆ ಫೋನ್ ಎತ್ತಿದರು. ಸ್ಪೀಕರಿನಲ್ಲಿ ಅವರ ದನಿ ವಾರ್ಡಿಗೆಲ್ಲ ಕೇಳಿತು: “ಅವ್ರಿಗಾ? ಆ ಇಂಜೆಕ್ಷನ್ ಮುಟ್ಲೇಬೇಡಿ! ಅವತ್ತು ದದ್ದು ಬಂದು ಉಸಿರು ಸಿಕ್ಕಾಕ್ಕೊಂಡಿತ್ತು. ಡಾಕ್ಟ್ರು ನಿಲ್ಸಿದಾರೆ. ಹಾಳೇಲಿ ದೊಡ್ಡದಾಗಿ ಬರ್ದಿದೀನಲ್ಲ!”

ಹೊಸ ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿಟ್ಟು ದೂರ ಸರಿಸಿದರು.

ಡಾಕ್ಟರು ಬೈದರು, ನಡೆದದ್ದನ್ನು ಬರೆದುಕೊಡು ಅಂದರು. ಆ ಹತ್ತು ನಿಮಿಷವನ್ನೂ ಸೇರಿಸಿ ಬರೆದುಕೊಟ್ಟೆ. ಕೆಲಸ ಉಳಿಯಿತು. ಆಮೇಲೆ ನನ್ನ ಫೈಲಿನ ಪ್ರತಿ ಸಾಲನ್ನೂ ಬೇರೆ ಕಂಪ್ಯೂಟರಿನಲ್ಲಿ, ಕೆಲಸಕ್ಕೆ ಬಾರದ ಫೈಲುಗಳ ಮೇಲೆ ಓಡಿಸಿ ನೋಡಿದೆ. ಇನ್ನೂ ಆರು ಸಾಲು ತಪ್ಪಾಗಿದ್ದವು. ಅವುಗಳಲ್ಲಿ ಎರಡನ್ನು ಆಗಲೇ ಎಷ್ಟೋ ಸಲ ಆಸ್ಪತ್ರೆಯಲ್ಲಿ ಬಳಸಿದ್ದೆ. ಅದು ತಿಳಿದಾಗ ಆ ಗುರುವಾರಕ್ಕಿಂತ ಹೆಚ್ಚು ಹೆದರಿದೆ.

ಶನಿವಾರ ಆ ಹಳೇನಗರದವರ ಮಂಚದ ಪಕ್ಕ ನಿಂತು, ಒಂದು ಬಟನ್ ಒತ್ತಿ ಎಲ್ಲ ಅಳಿಸಿದ್ದನ್ನು ಹೇಳಿ ಕ್ಷಮೆ ಕೇಳಿದೆ. ಅವರು ನನ್ನತ್ತ ತಿರುಗಿದರು.

“ಈಗ್ಲೂ ಆ ಬಟನ್ ಒತ್ತೋಕೆ ಹೆದ್ರಿಕೆ ಆಗುತ್ತಾ?”

“ಆಗುತ್ತೆ. ಎರಡೆರಡು ಸಲ ಓದಿ ಒತ್ತುತ್ತೀನಿ.”

“ಆ ಹೆದ್ರಿಕೆ ಇರ್ಲಿ ಬಿಡು. ಫ್ಯಾಕ್ಟರೀಲಿ ಹೆದ್ರಿಕೆ ಬಿಟ್ಟೋರ ಬೆರಳೇ ಮಿಷಿನ್ನಿಗೆ ಸಿಕ್ತಿದ್ದಿದ್ದು,” ಎಂದು ಆಚೆ ತಿರುಗಿ ಕಣ್ಣು ಮುಚ್ಚಿದರು.