ಒಂದು ಕದ ಸಾಗುವಾನಿ, ಒಂದು ಕದ ಹಲಸು

ಇದು ನಡೆದು ನಾಲ್ಕೈದು ವರ್ಷಗಳಾಗಿರಬಹುದು. ಆಗ ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಶೆಡ್ ಇತ್ತು. ಮರದ ಬಾಗಿಲು, ಕಿಟಕಿಗಳ ಹಳೆಯ ಬಣ್ಣ ತೆಗೆದು, ಶುಚಿಮಾಡಿ, ಮುರಿದದ್ದನ್ನು ಸರಿಪಡಿಸಿ, ಎಣ್ಣೆ ಅಥವಾ ಪಾಲಿಶ್ ಹಾಕಿಕೊಡುವುದು ನಮ್ಮ ಉದ್ಯೋಗ. ಗಂಡ ಬದುಕಿದ್ದಾಗ ಅವರ ಜೊತೆ ನಿಂತು ಕಲಿತ ಕೆಲಸವನ್ನು ಅವರ ನಂತರ ನಾನೇ ನಡೆಸಿಕೊಂಡು ಬಂದಿದ್ದೆ. ಬಡಗಿ ಕೆಲಸಕ್ಕೆ ಬಸವರಾಜನಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಗಂಡನ ಕಾಲದಿಂದಲೂ ಇದ್ದವನು.

ಆ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಡೆಯ ಹಳ್ಳಿಯೊಂದರಿಂದ ಒಂದು ಜೋಡಿ ಬಾಗಿಲು ಬಂತು. ಕಳಿಸಿದವರು ಚಂದ್ರಪ್ಪ. ಅವರ ತಮ್ಮ ಹಾಲೇಶಪ್ಪ ತೊಗರ್ಸಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಮನೆ ಅಣ್ಣನಿಗೆ ಹೋಗಿತ್ತು. ತಮ್ಮ ಆ ಮನೆಯಿಂದ ಕೇಳಿದ್ದು ತಲೆಬಾಗಿಲು ಮಾತ್ರ. ಅಜ್ಜ ಮಾಡಿಸಿದ ಸಾಗುವಾನಿಯ ಬಾಗಿಲು, ಊರಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ಅವರು. ಗೃಹಪ್ರವೇಶದ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಬಾಗಿಲು ತೊಗರ್ಸಿಗೆ ಮುಟ್ಟಬೇಕಿತ್ತು.

ಬಾಗಿಲಿನ ಮೇಲೆ ಗಟ್ಟಿ ಕಂದು ಬಣ್ಣದ ಎನಾಮೆಲ್ ಪೇಂಟ್ ಇತ್ತು. ಅಂಥದ್ದನ್ನು ತೆಗೆಯಲು ನಾವು ಪೇಂಟ್ ರಿಮೂವರ್ ಬಳಿಯುತ್ತೇವೆ. ಬಣ್ಣ ಬೊಬ್ಬೆ ಎದ್ದ ಮೇಲೆ ತಗಡಿನಿಂದ ಕೆರೆದು, ಟರ್ಪೆಂಟೈನಿನಲ್ಲಿ ಒರೆಸಿ, ಆಮೇಲೆ ಸ್ಯಾಂಡ್ ಪೇಪರ್ ಹಿಡಿಯುತ್ತೇವೆ. ಮೊದಲು ಎರಡೂ ಕದಗಳ ಹೊರಮೈ ಮುಗಿಸಿದೆವು. ಬಲಗಡೆಯ ಕದ ಸಾಗುವಾನಿಯೇ. ಹೊಂಬಣ್ಣದ ಮೇಲೆ ಕಪ್ಪು ಗೆರೆ, ಕೈಯಾಡಿಸಿದರೆ ಎಣ್ಣೆ ಸವರಿದಂಥ ನುಣುಪು. ಎಡಗಡೆಯ ಕದ ಅರಿಸಿನದ ನೀರು ಎರಚಿದ ಹಾಗೆ ಹಳದಿಯಾಗಿ ಎದ್ದಿತು. ಅದು ಹಲಸು. ಹಲಸೇನೂ ಕೆಟ್ಟ ಮರವಲ್ಲ. ಆದರೆ ನಮಗೆ ಬಂದದ್ದು ಸಾಗುವಾನಿ ಬಾಗಿಲು ಎಂಬ ಹೆಸರಿನಲ್ಲಿ.

ಮರುದಿನ ಹಾಲೇಶಪ್ಪ ನೋಡಲು ಬಂದರು. ಎರಡು ಕದಗಳ ನಡುವೆ ನಿಂತು ಒಂದೊಂದನ್ನೂ ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದರು.

"ಒಂದು ಕದ ಬದಲು ಮಾಡಿ ಕಳಿಸೀಯಲ್ಲ, ನಿಂಗೆ ಮನೆ ಸಾಲಲಿಲ್ಲೇನು?"

ಸಂಜೆಯ ಹೊತ್ತಿಗೆ ಚಂದ್ರಪ್ಪನೂ ಬಂದರು. ಅವರು ತಮ್ಮನ ಕಡೆ ನೋಡಲೇ ಇಲ್ಲ. ನೇರವಾಗಿ ನನ್ನನ್ನು ಕೇಳಿದರು. "ನಾನು ಬಿಚ್ಚಿದ ಬಾಗಿಲನ್ನ ಹಾಗೇ ಗಾಡಿಗೆ ಹಾಕಿಸಿದೀನಿ. ಇಲ್ಲಿಗೆ ಬಂದಮೇಲೆ ಎಂತಾ ಆಯ್ತು ಅಂತ ನೀವೇ ಹೇಳಬೇಕು ಶಾರದಮ್ಮ."

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ರೆಸಾರ್ಟುಗಳಿಗೆ ಹಳೆಯ ಬಾಗಿಲು, ಕಂಬ ಹುಡುಕಿಕೊಂಡು ತಿರುಗುವ ವ್ಯಾಪಾರಿಗಳು ಆಗ ನಮ್ಮ ಕಡೆ ಹೆಚ್ಚಾಗಿದ್ದರು. ಅಂಥವನೊಬ್ಬ ಚಂದ್ರಪ್ಪನ ಮನೆಗೂ ಹೋಗಿ ಬಾಗಿಲಿನ ಫೋಟೊ ಹೊಡೆದುಕೊಂಡು ಬಂದಿದ್ದ. ಅದೇ ಮನುಷ್ಯ ನಮ್ಮ ಶೆಡ್ಡಿಗೂ ಬಂದಿದ್ದನೆಂದು ಪಕ್ಕದ ಟೀ ಅಂಗಡಿಯವರು ಆವತ್ತೇ ಹೇಳಿದರು. ಬಾಗಿಲು ಶೆಡ್ಡಿಗೆ ಬಂದ ಮೇಲೆ, ಹಿಂದಿನ ವಾರ ನಾನು ಹಾವೇರಿಗೆ ಮದುವೆಗೆ ಹೋಗಿದ್ದಾಗ ಬಂದಿದ್ದನಂತೆ. ಶೆಡ್ಡಿನ ಬೀಗದ ಕೈ ಆಗ ಬಸವರಾಜನ ಹತ್ತಿರವಿತ್ತು. ಅವನು ಈ ವಿಷಯ ನನಗೆ ಹೇಳಿರಲಿಲ್ಲ.

ಆ ರಾತ್ರಿ ನನಗೆ ಊಟ ರುಚಿಸಲಿಲ್ಲ. ಕದ ಬದಲಾಯಿಸುವುದು ಬಡಗಿಗೆ ಕಷ್ಟದ ಕೆಲಸವಲ್ಲ. ಅದೇ ಅಳತೆಯ ಹಲಸಿನ ಕದ ಮಾಡಿ ಕಂದು ಬಣ್ಣ ಬಳಿದರೆ ಕೆರೆಯುವ ತನಕ ಯಾರಿಗೂ ತಿಳಿಯುವುದಿಲ್ಲ. ಆದರೆ ಬದಲಾಯಿಸಿದವನೇ ಮರುವಾರ ಅದನ್ನು ಕೆರೆಯಲು ಕೂರುತ್ತಾನೆಯೇ? ಚಂದ್ರಪ್ಪನೇ ಮಾಡಿಸಿ, ದೂರನ್ನು ನಮ್ಮ ತಲೆಗೆ ಕಟ್ಟುತ್ತಿರಬಹುದೇ? ಅಥವಾ ಹಾಲೇಶಪ್ಪ ಪಾಲಿನ ಹಳೆಯ ಜಗಳಕ್ಕೆ ನೆಪ ಹುಡುಕುತ್ತಿದ್ದಾರೆಯೇ? ಒಬ್ಬರನ್ನು ಬಿಟ್ಟರೆ ಇನ್ನೊಬ್ಬರ ಮುಖ ಕಣ್ಣೆದುರು ಬರುತ್ತಿತ್ತು.

ಬೆಳಿಗ್ಗೆ ಬಸವರಾಜನೇ ಮಾತು ತೆಗೆದ. ನಾನು ಅವನ ಮುಖ ನೋಡದೆ ಓಡಾಡುತ್ತಿದ್ದದ್ದು ಅವನಿಗೆ ತಿಳಿದಿತ್ತು.

"ಅಕ್ಕಾ, ಕೇಳ್ಬೇಕು ಅನ್ನಿಸಿದ್ರೆ ಕೇಳಿಬಿಡ್ರಿ. ಮನಸ್ಸಿನಾಗ ಇಟ್ಕಂಡು ಚಾ ಕೊಡಬ್ಯಾಡ್ರಿ."

"ಆ ವ್ಯಾಪಾರಿ ಬಂದಿದ್ದನ್ನ ಯಾಕೆ ಹೇಳಲಿಲ್ಲ?"

"ಬಂದಿದ್ದ. ಬಾಗಿಲು ನಮ್ದಲ್ಲ, ಹೋಗಪ್ಪ ಅಂದೆ. ಹೋದ. ಹೇಳೋವಂಥದ್ದು ಏನಿತ್ತು ಅದರಾಗ?"

ಅವನ ಮಾತನ್ನು ನಂಬಿದೆ ಎನ್ನಲಾರೆ. ನಂಬಲಿಲ್ಲ ಎನ್ನುವುದಕ್ಕೂ ಆಧಾರವಿರಲಿಲ್ಲ. ಕದಗಳನ್ನೇ ಕೇಳೋಣವೆಂದು ಅವುಗಳ ಒಳಮೈ ತಿರುಗಿಸಿದೆವು. ಒಳಮೈಯ ಬಣ್ಣವನ್ನು ಇನ್ನೂ ತೆಗೆದಿರಲಿಲ್ಲ. ಅಣ್ಣತಮ್ಮಂದಿರನ್ನು ಕರೆಸಿ, ಅವರೆದುರಿಗೆ ಎರಡೂ ಕದಗಳ ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಬ್ಲೇಡಿನಿಂದ ಪದರ ಪದರವಾಗಿ ಕೆರೆದೆ. ಮೇಲೆ ಕಂದು, ಅದರ ಕೆಳಗೆ ಹಸಿರು, ಅದರ ಕೆಳಗೆ ನೀಲಿ. ಎರಡರಲ್ಲೂ ಅದೇ ವರಸೆ. ಸಾಗುವಾನಿಯ ಕದದಲ್ಲಿ ನೀಲಿಯ ಕೆಳಗೆ ಎಣ್ಣೆ, ಹೊಗೆ ಸೇರಿ ಹೆಪ್ಪುಗಟ್ಟಿದ ಕಪ್ಪು ಪೊರೆ ಇತ್ತು. ಹಲಸಿನ ಕದದಲ್ಲಿ ನೀಲಿಯ ಕೆಳಗೆ ಬರೀ ಮರ.

"ಅಂದರೆ ಈ ಹಲಸಿನ ಕದ ನೀಲಿ ಬಣ್ಣ ಹಚ್ಚುವಾಗಲೇ ನಿಮ್ಮ ಮನೆಯಲ್ಲಿತ್ತು. ನಿನ್ನೆ ಮೊನ್ನೆ ಬಂದದ್ದಲ್ಲ" ಎಂದೆ.

ಹಾಲೇಶಪ್ಪ ಒಪ್ಪಲಿಲ್ಲ. "ಬಣ್ಣದ ಕೆಲಸದೋರು ನೀವು. ನೀಲಿ ಬೇಕಂದ್ರ ನೀಲಿ, ಹಸಿರು ಬೇಕಂದ್ರ ಹಸಿರು. ನಿಮಗೇನು ದೊಡ್ಡದು?"

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಆದರೆ ಚಂದ್ರಪ್ಪ ಆ ನೀಲಿಯನ್ನು ನೋಡುತ್ತಾ ನಿಂತುಬಿಟ್ಟಿದ್ದರು. "ಈ ನೀಲಿ ನಂಗೆ ನೆನಪದೆ" ಎಂದರು. "ನಾನು ಸಣ್ಣೋನು. ಅಜ್ಜ ನನ್ನ ಕರ್ಕಂಡು ಅತ್ತೆ ಮನೆಗೆ ಹೋಗಿದ್ರು. ಒಂದು ತಿಂಗಳು ಅಲ್ಲೇ ಇದ್ವಿ. ತಿರುಗಿ ಬರುವಾಗ ಬಾಗಿಲು ನೀಲಿ ಆಗಿತ್ತು. ಒಳಗೆ ತೊಟ್ಟಿಲು ಕಟ್ಟಿದ್ರು. ಇವನು ಹುಟ್ಟಿದ್ದ."

ಆ ತಿಂಗಳು ಮನೆಯಲ್ಲಿ ಇದ್ದವರಲ್ಲಿ ಈಗ ಉಳಿದಿದ್ದವರು ಅವರ ಅಕ್ಕ ಗೌರಮ್ಮ ಒಬ್ಬರೇ. ಉಡುತಡಿಗೆ ಮದುವೆಯಾಗಿ ಹೋದವರು. ಪಾಲಿನ ಜಗಳದಲ್ಲಿ ಅವರು ಯಾರ ಪರವೂ ಮಾತಾಡಿರಲಿಲ್ಲ. ಹಾಗಾಗಿ ಇಬ್ಬರು ತಮ್ಮಂದಿರಿಗೂ ಅವರ ಮೇಲೆ ಒಳಗೊಳಗೇ ಅಸಮಾಧಾನವಿತ್ತು. ಆದರೂ ಅವರನ್ನು ಕರೆಸಲು ಇಬ್ಬರೂ ಒಪ್ಪಿದರು.

ಮರುದಿನ ಗೌರಮ್ಮ ಮಗನ ಬೈಕಿನಲ್ಲಿ ಬಂದಿಳಿದರು. ಹಳದಿ ಕದವನ್ನು ನೋಡಿದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೋ ನಕ್ಕರೋ ನನಗೆ ತಿಳಿಯಲಿಲ್ಲ.

"ಇನ್ನೊಂದು ಕದ ಎಲ್ಲಿ ಹೋಯ್ತು ಅಕ್ಕ?" ಹಾಲೇಶಪ್ಪ ಕೇಳಿದರು.

"ನೀನು ಹುಟ್ಟಿದ್ದೇ ಅದರ ಮೇಲೆ ಕಣೋ."

ಅವರು ಹೇಳಿದ್ದು ಇಷ್ಟು. ತಾಯಿಗೆ ಹೆರಿಗೆ ಕಷ್ಟವಾಗಿತ್ತು. ಸೂಲಗಿತ್ತಿ ತನ್ನ ಕೈಲಾಗದು, ಸೊರಬದ ಆಸ್ಪತ್ರೆಗೆ ಒಯ್ಯಿರಿ ಎಂದಳು. ಹಳ್ಳ ತುಂಬಿ ಹರಿಯುತ್ತಿತ್ತು, ಗಾಡಿ ದಾಟುವಂತಿರಲಿಲ್ಲ. ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ತಂದೆ ತಲೆಬಾಗಿಲಿನ ಎಡಗದವನ್ನೇ ಕಳಚಿ, ಕಂಬಳಿ ಹಾಸಿ, ಹೆಂಡತಿಯನ್ನು ಮಲಗಿಸಿದರು. ತಿಮ್ಮಣ್ಣ ಎಂಬ ಕೂಲಿಯವನು ಮತ್ತು ಅವನ ಮೂವರು ಅಣ್ಣತಮ್ಮಂದಿರು ಕದ ಹೊತ್ತರು. ಎದೆಮಟ್ಟದ ನೀರಿನಲ್ಲಿ ಕದವನ್ನು ತಲೆಯ ಮೇಲಿಟ್ಟುಕೊಂಡು ದಾಟಿದರು. ಆಚೆ ದಡ ಹತ್ತಿ ರಸ್ತೆ ಮುಟ್ಟುವ ಮೊದಲೇ ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು.

"ತಿಮ್ಮಣ್ಣನ ಗುಡಿಸಲಿಗೆ ಬಾಗಿಲು ಇರಲಿಲ್ಲ, ಬಿದಿರಿನ ತಟ್ಟಿ ಕಟ್ಕಂಡಿದ್ದ. ಅಪ್ಪ ಆ ಕದನ ಅವನಿಗೇ ಕೊಟ್ಟುಬಿಟ್ರು. ಅಜ್ಜಂಗೆ ಗೊತ್ತಾದ್ರೆ ಅಪ್ಪನ್ನ ಮನೇಲಿ ಇಟ್ಕಳ್ತಿದ್ರಾ? ಅವರು ಬರೋದ್ರೊಳಗೆ ಹಲಸಿಂದು ಮಾಡಿಸಿ, ಎರಡಕ್ಕೂ ನೀಲಿ ಬಳಿಸಿದ್ರು. ಗೆದ್ದಲು ಹತ್ತಬಾರದು ಅಂತ ಬಣ್ಣ ಹೊಡೆಸಿದೆ ಅಂದ್ರು."

"ಅಜ್ಜ ನಂಬಿದ್ರಾ?" ಎಂದರು ಚಂದ್ರಪ್ಪ.

"ಯಾರಿಗೆ ಗೊತ್ತು. ದಿನಾ ಬಾಗಿಲು ಹಾಕೋವಾಗ ಎಡಗಡೆ ಕದ ಒಂದ್ಸಲ ಬೆರಳಲ್ಲಿ ತಟ್ಟೋರು. ಏನೂ ಅನ್ನುತ್ತಿರಲಿಲ್ಲ. ನಂಗೆ ಅಪ್ಪ ಬಾಯಿ ಬಿಡಬ್ಯಾಡ ಅಂದಿದ್ರು. ಆಮೇಲೆ ಕೇಳೋರೇ ಯಾರೂ ಇರಲಿಲ್ಲ."

ಹಾಲೇಶಪ್ಪ ಸಾಗುವಾನಿಯ ಕದಕ್ಕೆ ಒರಗಿ ಕುಳಿತುಬಿಟ್ಟರು. ಬಸವರಾಜ ಅವರಿಗೆ ನೀರು ತಂದುಕೊಟ್ಟ. ಹಿಂದಿನ ದಿನವಷ್ಟೇ ಅವನನ್ನು ಕಳ್ಳನ ಹಾಗೆ ನೋಡಿದ್ದವರು ಅವನ ಕೈಯಿಂದ ಲೋಟ ತೆಗೆದುಕೊಂಡು, "ತಪ್ಪು ತಿಳ್ಕಬ್ಯಾಡ" ಎಂದರು. ಬಸವರಾಜ ತಲೆಯಾಡಿಸಿದ. ಆದರೆ ನನ್ನ ಕಡೆ ಒಂದು ಸಲ ನೋಡಿಯೇ ಹೊರಗೆ ಹೋದ.

ಮುಂದಿನ ವಾರ ಅಣ್ಣತಮ್ಮಂದಿರಿಬ್ಬರೂ ತಿಮ್ಮಣ್ಣನ ಮನೆ ಹುಡುಕಿಕೊಂಡು ಹೊರಟರು. ನನ್ನನ್ನೂ ಕರೆದರು. ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವ ಆಸೆ ನನಗೂ ಇತ್ತು. ಗೌರಮ್ಮ ತಮ್ಮಂದಿರ ಜಗಳ ತೀರಿಸಲು ಕಥೆ ಕಟ್ಟಿರಬಾರದೇಕೆ ಎಂಬ ಅನುಮಾನ ನನ್ನ ತಲೆಯಿಂದ ಪೂರ್ತಿ ಹೋಗಿರಲಿಲ್ಲ.

ತಿಮ್ಮಣ್ಣ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗುಡಿಸಲಿನ ಜಾಗದಲ್ಲಿ ಹೆಂಚಿನ ಮನೆ ಎದ್ದಿತ್ತು. ಅದಕ್ಕೆ ಒಂದೇ ಕದದ ಕಿರಿದಾದ ಬಾಗಿಲು. ಬಣ್ಣ ಕಾಣದ, ಬಿಸಿಲಿಗೆ ಬೂದಿಯಾದ ಸಾಗುವಾನಿ. ಕದದ ಪಟ್ಟಿಗಳ ಮೇಲಿನ ಕೆತ್ತನೆ ನಮ್ಮ ಶೆಡ್ಡಿನಲ್ಲಿದ್ದ ಸಾಗುವಾನಿ ಕದದ ಕೆತ್ತನೆಯೇ. ತಿಮ್ಮಣ್ಣನ ಸೊಸೆ ರೇಣುಕಮ್ಮ ಹೊರಗೆ ಬಂದಳು. ಪ್ಯಾಂಟು ಹಾಕಿದ ಇಬ್ಬರು, ಬಾಗಿಲನ್ನೇ ನೋಡುತ್ತಿರುವ ಒಬ್ಬಳು ಹೆಂಗಸು. ಅವಳು ಕದವನ್ನು ಕೈಯಲ್ಲಿ ಹಿಡಿದು ನಿಂತಳು.

"ಯಾವ ವ್ಯಾಪಾರಕ್ಕೂ ನಾವು ಕೊಡಲ್ಲ. ಮೊನ್ನೆ ಬಂದೋರಿಗೂ ಹೇಳಿದೀವಿ."

ಚಂದ್ರಪ್ಪ ತಾವು ಯಾರೆಂದು ಹೇಳಿದರು. ಅವಳ ಮುಖ ಇನ್ನಷ್ಟು ಬಿಗಿಯಾಯಿತು. "ನಮ್ಮ ಮಾವ ಹೇಳಿ ಹೋಗಿದಾರೆ. ಯಾವತ್ತಾದ್ರೂ ಆ ಮನೆಯೋರು ಬರ್ತಾರೆ, ಇದು ಕದ್ದದ್ದಲ್ಲ, ಒಡೇರೇ ಕೊಟ್ಟದ್ದು ಅಂತ ಹೇಳು ಅಂದಿದಾರೆ."

"ಕೇಳೋಕೆ ಬಂದಿಲ್ಲ ತಾಯಿ" ಎಂದರು ಹಾಲೇಶಪ್ಪ. "ಒಂದ್ಸಲ ಮುಟ್ಟಿ ಹೋಗ್ತೀನಿ."

ಅವಳು ಕೈ ತೆಗೆಯಲಿಲ್ಲ. ಅವಳ ಕೈಯ ಪಕ್ಕದಲ್ಲಿಯೇ ಅವರು ತಮ್ಮ ಅಂಗೈಯನ್ನು ಕದದ ಮೇಲಿಟ್ಟರು. ಆಮೇಲೆ ಅವಳೇ ಚಾಪೆ ಹಾಸಿದಳು.

ಕದದ ಬುಡ ನೀರು ಕುಡಿದು ಮೆತ್ತಗಾಗಿತ್ತು. ಶೆಡ್ಡಿಗೆ ಕಳಿಸಿದರೆ ಸರಿಮಾಡಿ ಕೊಡುತ್ತೇನೆ, ಏನೂ ಕೊಡಬೇಕಿಲ್ಲ ಎಂದೆ. ರೇಣುಕಮ್ಮ ನಕ್ಕಳು. "ಒಂದ್ಸಲ ಕಳಚಿ ಹೋದ ಕದ ತಿರುಗಿ ಬಂದದ್ದುಂಟಾ? ಮಾಡೋದಾದ್ರೆ ಇಲ್ಲೇ, ನಮ್ಮ ಕಣ್ಣೆದುರಿಗೆ ಮಾಡಿ." ಹಾಗೆಯೇ ಮಾಡಿದೆವು. ಬಸವರಾಜ ಬುಡದ ಪಟ್ಟಿಯನ್ನು ಅಲ್ಲೇ ಕೂತು ಬದಲಾಯಿಸಿದ. ನಾನು ಧೂಳು ತೊಳೆದು, ಒಣಗಿಸಿ, ಅಗಸೆ ಎಣ್ಣೆ ಉಜ್ಜಿದೆ. ಬೂದಿ ಬಣ್ಣದೊಳಗಿಂದ ಹೊಂಬಣ್ಣ ಎದ್ದು ಬಂತು. ಕೆಲಸ ಮುಗಿಯುವ ತನಕ ಅವಳು ಪಕ್ಕದಿಂದ ಏಳಲಿಲ್ಲ.

ಇತ್ತ ಹಾಲೇಶಪ್ಪನ ಬಾಗಿಲನ್ನು ಮುಗಿಸುವಾಗ ಹಲಸಿನ ಕದಕ್ಕೆ ಸ್ಟೇನ್ ಕೊಟ್ಟು ಸಾಗುವಾನಿಯ ಬಣ್ಣಕ್ಕೆ ತರಲೇ ಎಂದು ಕೇಳಿದೆ. "ಬ್ಯಾಡ್ರಿ. ಅಪ್ಪ ಮುಚ್ಚಿದ್ದು ಸಾಕು" ಎಂದರು. ಗೃಹಪ್ರವೇಶದ ದಿನ ಬಂದವರೆಲ್ಲ ಆ ಎರಡು ಬಣ್ಣದ ಬಾಗಿಲನ್ನು ನೋಡಿ, ಪಾಲಿಶ್ ಮಾಡಿದವರು ಯಾರು ಎಂದು ಮುಖ ಗಂಟಿಕ್ಕಿ ಕೇಳಿದರು. ತೊಗರ್ಸಿಯಿಂದ ಆ ವರ್ಷ ನನಗೆ ಇನ್ನೊಂದು ಕೆಲಸ ಬರಲಿಲ್ಲ.

ಅಂದಿನಿಂದ ಹಳೆಯ ಬಾಗಿಲು ಯಾರೇ ತಂದರೂ, ಪೂರ್ತಿ ಕೆರೆಯುವ ಮೊದಲು ಪ್ರತಿ ಕದದ ಮೂಲೆಯನ್ನು ಮನೆಯವರ ಎದುರಿಗೇ ಕೆರೆದು ಒಳಗಿನ ಮರ ತೋರಿಸುತ್ತೇನೆ. ಇದು ನನ್ನ ಕಸುಬನ್ನು ಕಾಪಾಡಿಕೊಳ್ಳುವ ಜಾಣತನ ಅಷ್ಟೇ. ಕಲಿತ ಪಾಠ ಬೇರೆ. ಒಂದು ವಸ್ತು ಇರಬೇಕಾದ ಜಾಗದಲ್ಲಿ ಇಲ್ಲವೆಂದರೆ ಯಾರು ಕದ್ದರು ಎಂದೇ ನಾವೆಲ್ಲ ಮೊದಲು ಕೇಳುತ್ತೇವೆ. ಯಾರೋ ಕೊಟ್ಟಿರಲೂಬಹುದು ಎಂಬುದು ಗೌರಮ್ಮ ಬಂದು ಹೇಳುವ ತನಕ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.