ಏಳು ಮನೆಯ ಬಟ್ಟೆ

ಹನುಮಂತನಪಟ್ಟಿಯ ಕನ್ನಡದವರ ಬೀದಿಯಲ್ಲಿ ವೆಳ್ಳೈಯಮ್ಮಾಳ್ ಎಂದರೆ ಜನಕ್ಕೆ ಮೊದಲು ನೆನಪಾಗುತ್ತಿದ್ದದ್ದು ಅವಳ ಬಾಯಿ, ಆಮೇಲೆ ಅವಳ ಕೈ. ಬಾಯಿಗೆ ಹೆದರಿ ಎದ್ದು ಹೋದವರು ಕೈಯ ಕೆಲಸ ನೋಡಲು ಮಾರನೆಯ ದಿನ ತಾವಾಗಿ ಬಂದು ಕೂರುತ್ತಿದ್ದರು. ಬಟ್ಟೆಯ ಗೊಂಬೆಗೆ ಐದು ಬೆರಳು ಕೊಟ್ಟವಳು ಅವಳೇ. ಅದಕ್ಕೆ ಮುಂಚೆ ಆ ಬೀದಿಯ ಗೊಂಬೆಗಳ ಕೈಯೆಂದರೆ ಸೌಟು, ಕಾಲೆಂದರೆ ಒನಕೆ. ಇವಳು ಹಳೇ ಪಂಚೆಯ ಚೂರುಗಳನ್ನು ದೀಪದ ಬತ್ತಿ ಹೊಸೆದ ಹಾಗೆ ಹೊಸೆದು, ಒಂದೊಂದಕ್ಕೂ ದಾರ ಸುತ್ತಿ ಬೆರಳು ಮಾಡಿದಳು. ಮೊಣಕಾಲಿನ ಹತ್ತಿರ ಒಂದು ಮಡಿಕೆ ಬಿಟ್ಟು ಹೊಲಿದು ಗೊಂಬೆ ಕೂರುವಂತೆ ಮಾಡಿದವಳೂ ಅವಳೇ. ಅವತ್ತು ಆ ಬೀದಿಯ ಏಳು ಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಆ ಗೊಂಬೆಯನ್ನು ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ ನೋಡಿದ್ದರು.

ಮಲೆಯ ಮೇಲೆ ಪೆರಿಯಾರ್ ನದಿಗೆ ಅಣೆ ಕಟ್ಟುತ್ತಿದ್ದ ವರ್ಷಗಳವು. ಅವಳ ಗಂಡ ಚಿನ್ನತಂಬಿ ಎತ್ತಿನ ಗಾಡಿಯವನು. ದಿಂಡಿಗಲ್ ಕಡೆಯಿಂದ ಸಾಮಾನು ಹೇರಿಕೊಂಡು ಕಂಬಂ ದಾಟಿ ಮಲೆಯ ಬುಡದವರೆಗೆ ಹೋಗಿ ಬರುತ್ತಿದ್ದ. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುತ್ತಿರಲಿಲ್ಲ. ಗದ್ದೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ ಎಂದು ಬದುಕಿದ್ದ ಆ ಬೀದಿಯ ಹೆಂಗಸರಿಗೆ ಬಿಸಿಲು ಇಳಿದ ಮೇಲಿನ ಒಂದೆರಡು ಗಳಿಗೆ ಮಾತ್ರ ಯಾರ ಹಂಗೂ ಇಲ್ಲದ ಹೊತ್ತು. ಆಗ ಏಳು ಮನೆಯವರು ಪೇಚ್ಚಿಯಮ್ಮಾಳಿನ ಜಗಲಿಯಲ್ಲಿ ಸೂಜಿ ಹಿಡಿದು ಕೂರುತ್ತಿದ್ದರು. ಪೇಚ್ಚಿಯಮ್ಮಾಳ್ ಎಲ್ಲರಿಗಿಂತ ಹಿರಿಯಳು, ಹಲ್ಲಿಲ್ಲದ ಬಾಯಲ್ಲಿ ದಾರ ಕಚ್ಚಿ ಹರಿಯಲು ಹೋಗಿ ದಿನಾ ಬೈಸಿಕೊಳ್ಳುವವಳು. ವೀರಮ್ಮಾಳ್ ಗೊಂಬೆಗೆ ಬರೆಯುವ ಕಣ್ಣು ಯಾವಾಗಲೂ ಮೀನಿನಂತೆ ಓರೆ. ಪಾಪಮ್ಮಾಳ್ ಮಾಡಿದ ಗೊಂಬೆಗಳೆಲ್ಲ ಅವಳ ಅತ್ತೆಯ ಹಾಗೇ ಕಾಣುತ್ತವೆ ಎಂದು ಉಳಿದವರು ನಗುತ್ತಿದ್ದರು. ಮಾರಾಟಕ್ಕೆ ಯಾರೂ ಮಾಡುತ್ತಿರಲಿಲ್ಲ. ಮಾಡುವುದು ಚೆನ್ನಾಗಿತ್ತು, ಅದಕ್ಕೇ ಮಾಡುತ್ತಿದ್ದರು.

ಕಟ್ಟಳೆ ಮಾತ್ರ ಒಂದಿತ್ತು. ಹೆಣ್ಣುಮಗುವಿಗೆ ಐದು ತುಂಬಿದಾಗ ಕೊಡುವ ಗೊಂಬೆಗೆ ಏಳು ಮನೆಯ ಬಟ್ಟೆ ಸೇರಬೇಕು. ಆರು ಮನೆಯ ಆರು ಹೆಂಗಸರು ತಾವು ಉಟ್ಟು ಹಳತಾದ ಸೀರೆಯ ತುಂಡು ಕೊಡುತ್ತಾರೆ. ಅವು ಎರಡು ಕೈ, ಎರಡು ಕಾಲು, ತಲೆ, ಲಂಗ. ಏಳನೆಯದು ತಾಯಿಯದು, ಅದು ಎದೆಗೆ. ಬಟ್ಟೆ ಮೈಯ ಬೆವರು ಕುಡಿದಿರಬೇಕು. ಆಗ ಆ ಮಗುವಿಗೆ ಏಳು ಮನೆಯ ಬಾಗಿಲೂ ತನ್ನ ಬಾಗಿಲೇ. ಎಲ್ಲಿ ಹಸಿದರೂ ಉಣ್ಣಬಹುದು, ಎಲ್ಲಿ ನಿದ್ದೆ ಬಂದರೂ ಮಲಗಬಹುದು. ಮಗು ತೀರಿಕೊಂಡರೆ ವರ್ಷ ತುಂಬುವುದರೊಳಗೆ ತಾಯಿಯೇ ಆ ಗೊಂಬೆಯ ಹೊಲಿಗೆ ಬಿಚ್ಚಿ, ಯಾರ ತುಂಡನ್ನು ಅವರಿಗೆ ಕೊಟ್ಟುಬಿಡಬೇಕು. ಕೊಡದಿದ್ದರೆ ಮಗು ಆ ಮನೆಗಳಿಗೆ ಬರುತ್ತಲೇ ಇರುತ್ತದೆ ಎಂಬುದು ಅವರ ನಂಬಿಕೆ.

ಮಗಳು ತಂಗಮ್ಮಾಳಿಗೆ ಐದು ತುಂಬಿದಾಗ ವೆಳ್ಳೈಯಮ್ಮಾಳ್ ಮಾಡಿದ ಗೊಂಬೆಯಂಥದ್ದು ಆ ಬೀದಿಯಲ್ಲಿ ಮುಂಚೆಯೂ ಇರಲಿಲ್ಲ, ಆಮೇಲೂ ಆಗಲಿಲ್ಲ. ಬೆರಳಿಗೆ ಉಗುರು ಕೂಡ ಇತ್ತು. ತನ್ನ ತುಂಡನ್ನು ಎದೆಗೆ ಹಚ್ಚುವ ಹೊತ್ತು ಬಂದಾಗ ಅವಳು ತನ್ನ ಸೀರೆಗಳನ್ನೆಲ್ಲ ಹರಡಿ ನೋಡಿದಳು. ಒಂದು ಬಣ್ಣಗೆಟ್ಟದ್ದು, ಒಂದು ತೇಪೆಯದ್ದು, ಇನ್ನೊಂದು ಎಣ್ಣೆಯ ಜಿಡ್ಡಿನದ್ದು. ಇಷ್ಟು ಚೆಂದದ ಗೊಂಬೆಯ ನಟ್ಟನಡುವೆ ಇದನ್ನು ಹಚ್ಚಲೇ? ಚಿನ್ನತಂಬಿ ಆ ವಾರವಷ್ಟೇ ಚಿನ್ನಾಳಪಟ್ಟಿಯ ಮಗ್ಗದಿಂದ ಕೆಂಪು ಸೀರೆ ತಂದಿದ್ದ. ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಅವಳು ಅದರ ಒಂದು ಮೂಲೆ ಕತ್ತರಿಸಿ ಹೊಲಿದಳು. ಕೇಳಿದವರಿಗೆ, ಎರಡು ಪೊಂಗಲ್ ಹಬ್ಬಕ್ಕೆ ಉಟ್ಟ ಸೀರೆ, ಜೋಪಾನವಾಗಿ ಇಟ್ಟಿದ್ದೆ ಎಂದಳು. ಯಾರೂ ನಂಬದೆ ಇರಲಿಲ್ಲ. ಅದು ಒಣ ಜಂಬ, ಅಷ್ಟೇ. ಮಗಳ ಗೊಂಬೆ ನೋಡಿ ನಾಲ್ಕು ಜನ ಹೊಟ್ಟೆಕಿಚ್ಚು ಪಡಲಿ ಎಂದು ಯಾವ ತಾಯಿಗೆ ಅನ್ನಿಸುವುದಿಲ್ಲ?

ಮಾರನೆಯ ವರ್ಷ ವಾಂತಿಭೇದಿ ಕಣಿವೆಯ ಊರೂರು ಸುತ್ತಿತು. ತಂಗಮ್ಮಾಳ್ ಬೆಳಿಗ್ಗೆ ಆಡುತ್ತಿದ್ದವಳು ಮಧ್ಯಾಹ್ನಕ್ಕೆ ಮಲಗಿದಳು. ಕಣ್ಣು ಒಳಗೆ ಹೋಯಿತು, ತುಟಿ ಒಡೆಯಿತು. ನೀರು, ನೀರು ಎಂದು ಒಂದೇ ಸಮ ಕೇಳಿದಳು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ, ಮಗು ಉಳಿಯುವುದಿಲ್ಲ ಎಂದು ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದರು. ಪೇಚ್ಚಿಯಮ್ಮಾಳೂ ಅದನ್ನೇ ಹೇಳಿದಳು. ವೆಳ್ಳೈಯಮ್ಮಾಳ್ ಒದ್ದೆ ಬಟ್ಟೆಯನ್ನು ಕೂಡ ಮಗಳ ತುಟಿಗೆ ಮುಟ್ಟಿಸಲಿಲ್ಲ. "ಆಮ್ಯಾಲೆ ಕೊಡ್ತೀನಿ ಕಣ್ಣು, ಆಮ್ಯಾಲೆ" ಎಂದು ತಲೆ ಸವರುತ್ತ ಕೂತಳು. ಹೊತ್ತು ಮುಳುಗುವ ಮುಂಚೆ ಮಗು ಹೋಯಿತು. ಚಿನ್ನತಂಬಿ ಗಾಡಿ ಹೊಡೆದುಕೊಂಡು ಬರುವಷ್ಟರಲ್ಲಿ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ಗೊಂಬೆ ಎಲ್ಲಿ ಎಂದು ಕೇಳಿದವರಿಗೆ, ಮಗುವಿನ ಜೊತೆಯಲ್ಲೇ ಹೂತುಬಿಟ್ಟೆ, ಮಣ್ಣಿಗೆ ಹೋದದ್ದು ಬಿಚ್ಚಿದ ಹಾಗೇ ಎಂದಳು. ಅದು ಅವಳ ಎರಡನೆಯ ಸುಳ್ಳು. ಗೊಂಬೆ ಭತ್ತದ ಕಣಜದ ಹಿಂದೆ, ಬುಟ್ಟಿಯೊಂದರಲ್ಲಿ ಕೂತಿತ್ತು. ಹೊಲಿಗೆ ಬಿಚ್ಚದಿದ್ದರೆ ಮಗು ಬರುತ್ತದೆ ಎಂದು ಲೋಕ ಹೆದರುತ್ತದಲ್ಲ, ಇವಳಿಗೆ ಬೇಕಾಗಿದ್ದದ್ದೇ ಅದು. ಬರಲಿ. ಒಂದು ಸಲ ಬಂದರೆ ಸಾಕು, ಹೊಟ್ಟೆ ತುಂಬ ನೀರು ಕೊಡುತ್ತೇನೆ. ಸತ್ತವರು ನಡೆದಾಡುವುದು ನೆತ್ತಿಯ ಮೇಲೆ ಸೂರ್ಯ ನಿಂತ ಉಚ್ಚಿಹೊತ್ತಿನಲ್ಲಿ, ನೆರಳು ಕಾಲಡಿಗೆ ಸೇರಿದಾಗ. ಅವಳು ದಿನವೂ ಆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದಿಟ್ಟು, ಹೊಸ್ತಿಲ ಒಳಗೆ ಒಂದು ಚೊಂಬು ನೀರಿಟ್ಟು, ಗೋಡೆಗೆ ಒರಗಿ ಕೂತಳು. ಬೀದಿಯ ಧೂಳು ಅಲುಗಿದರೆ ಚೊಂಬಿಗೆ ಕೈ ಹಾಕುತ್ತಿದ್ದಳು. ಕೋಳಿ ಬಂತು, ಬೀದಿನಾಯಿ ಬಂತು. ಹನ್ನೊಂದು ತಿಂಗಳಾಯಿತು, ಮಗಳು ಬರಲಿಲ್ಲ.

ಪಾಪಮ್ಮಾಳಿನ ಮಗಳಿಗೂ ಆಗ ಐದು ತುಂಬಿತು. ಗೊಂಬೆ ಮಾಡಬೇಕು, ತುಂಡು ಕೊಡಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಜಗಲಿಯಲ್ಲೂ ಕೆಲವು ತಿಂಗಳಿಂದ ಸೂಜಿ ಹಿಡಿಯುವವರಿರಲಿಲ್ಲ; ಬಂದು ಕೂತು, ಸುಮ್ಮನೆ ಎದ್ದು ಹೋಗುತ್ತಿದ್ದರು. ವೆಳ್ಳೈಯಮ್ಮಾಳ್ ಒಂದು ದಿನ ರೇಗಿದಳು. "ಯಾಕ್ಡೀ, ನನ್ ಮಗಳು ಹೋದ್ಲು ಅಂತ ನಿನ್ ಮಗಳ್ಗೆ ಗೊಂಬೆ ಬ್ಯಾಡ್ವಾ? ನನ್ ತುಂಡು ನಿಂಗೆ ಅಪಶಕುನವಾ?"

ಪಾಪಮ್ಮಾಳ್ ಅತ್ತುಬಿಟ್ಟಳು. "ಅಕ್ಕಾ, ನೀನು ಗೊಂಬೆ ಹೂಳಿಲ್ಲ. ತಂಗ ನಮ್ಮನೆಗೆ ಬತ್ತಾಳೆ."

ಪಾಪಮ್ಮಾಳ್ ಹೇಳಿದಳು: ಉಚ್ಚಿಹೊತ್ತಿನಲ್ಲಿ ಕಣ್ಣು ಎಳೆಯುವಾಗ ಬಾಗಿಲ ಹತ್ತಿರ ಗೆಜ್ಜೆ ಸದ್ದಾಗುತ್ತದೆ, ತಂಗ ನಿಂತಿರುತ್ತಾಳೆ, ಒಳಗೆ ಬರುವುದಿಲ್ಲ. ಅವಳು ಮುಗಿಸುವುದರೊಳಗೆ ವೀರಮ್ಮಾಳ್ ತಲೆ ತಗ್ಗಿಸಿ, "ನಮ್ಮನೆಗೂ" ಎಂದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಆರು ಮನೆಗೂ ಹೋಗಿತ್ತು ಮಗು. ತಾಯಿಯ ದುಃಖಕ್ಕೆ ಇದನ್ನೂ ಸೇರಿಸುವುದು ಬೇಡ ಎಂದು ಆರು ಜನವೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನುಂಗಿಕೊಂಡಿದ್ದರು.

"ಬಂದು ಏನ್ ಕೇಳ್ತಾಳೆ?" ಎಂದಳು ವೆಳ್ಳೈಯಮ್ಮಾಳ್.

ವೀರಮ್ಮಾಳ್ ಹೇಳಿದಳು. "ನಮ್ಮನೆ ಯಾವ್ದು ಅಂತ ಕೇಳ್ತಾಳಕ್ಕಾ. ಬಾಯಿ ಒಣಗಿರ್ತೈತೆ, ಪಾವಂ ಕೂಸು. ನಾನು ನೀರು ಕೊಟ್ಟೆ. ಮುಟ್ಲಿಲ್ಲ. ಅವ್ವ ಆಮ್ಯಾಲೆ ಕೊಡ್ತೀನಿ ಅಂದವ್ಳೆ, ಅವ್ವನೇ ಕೊಡ್ಲಿ ಅಂದ್ಲು."

ವೆಳ್ಳೈಯಮ್ಮಾಳ್ ಎದ್ದವಳೇ ಮನೆಗೆ ಓಡಿ ಗೊಂಬೆಯನ್ನು ತಂದು ಪೇಚ್ಚಿಯಮ್ಮಾಳಿನ ಮಡಿಲಿಗೆ ಹಾಕಿದಳು. "ನನ್ ಮಗಳಿಗೆ ನನ್ನ ಮನೆ ಯಾಕೆ ಗೊತ್ತಾಗ್ಲಿಲ್ಲ ಯೋಳು!" ಎಂದು ಕೂಗಿದಳು. ಉತ್ತರ ಅವಳಿಗೇ ಗೊತ್ತಿತ್ತು. ಮುದುಕಿ ಕೆಂಪು ತುಂಡನ್ನು ಎರಡು ಬೆರಳಲ್ಲಿ ಉಜ್ಜಿದಳು, ಮೂಸಿದಳು. ಮಗ್ಗದ ಗಂಜಿ ಇನ್ನೂ ಬಿಟ್ಟಿರಲಿಲ್ಲ.

"ಇದನ್ನ ಯಾರೂ ಉಟ್ಟಿಲ್ಲ" ಎಂದಳು ಪೇಚ್ಚಿಯಮ್ಮಾಳ್. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಷ್ಟೂ ತಿಂಗಳು ಮಗು ಒಂದೇ ಬೀದಿಯಲ್ಲಿ, ತನ್ನ ಮನೆಯ ಎದುರೇ ಓಡಾಡಿ ದಾರಿ ಕೇಳಿತ್ತು. ವೆಳ್ಳೈಯಮ್ಮಾಳ್ ಉಟ್ಟ ಸೀರೆಯ ಸೆರಗಿಗೇ ಕೈ ಹಾಕಿ ಹರಿದಳು. ಈಗಲೇ ಹೊಲಿಯುತ್ತೇನೆ, ನಾಳೆಯೇ ಬರಲಿ ಎಂದಳು. ಪೇಚ್ಚಿಯಮ್ಮಾಳ್ ಅವಳ ಮಣಿಕಟ್ಟು ಹಿಡಿದಳು.

"ಹೊಲಿ. ನೀರು ಕೊಡಬ್ಯಾಡ ಅಂದೋಳು ನಾನೇ, ಈಗ ಕೊಡು ಅನ್ನೋಳೂ ನಾನೇ. ಆದ್ರೆ ಕೇಳಿಸ್ಕೋ. ತಾಯಿ ತುಂಡು ಸೇರಿದ್ ಮ್ಯಾಲೆ ಪುಳ್ಳೆ, ನಿನ್ ಮಗು, ಬಂದೇ ಬತ್ತಾಳೆ. ಬಂದ್ರೆ ಒಂದು ಚೊಂಬು ಕೊಡು. ಔಳು ಚೊಂಬು ಕೆಳಗಿಟ್ಟ ಕೂಡ್ಲೇ ಗೊಂಬೆ ದಾರ ಎಳೆದ್ಬಿಡು. ಎರಡ್ನೇ ಚೊಂಬು ತರೋಕೆ ಎದ್ಯೋ, ಔಳು ಅಲ್ಲೇ ಕೂರ್ತಾಳೆ. ಆರು ವರ್ಷದ್ ಪುಳ್ಳೆ ಆರು ವರ್ಷದೋಳಾಗೇ ನಿಂತ್ಬಿಡ್ತಾಳೆ. ನೀನು ಸತ್ ಮ್ಯಾಲೆ ಯಾರ್ ಬಾಗ್ಲಿಗ್ ಹೋಗ್ತಾಳೆ?"

ಆ ರಾತ್ರಿ ವೆಳ್ಳೈಯಮ್ಮಾಳಿಗೆ ಸಂತೋಷವಾಗಿತ್ತು ಎಂದರೆ ತಪ್ಪು ತಿಳಿಯಬಾರದು. ಹಬ್ಬಕ್ಕೆ ಮಗಳನ್ನು ಕರೆಸಿಕೊಳ್ಳುವ ತಾಯಿಯ ಹಾಗೆ ನೆಲ ಸಾರಿಸಿದಳು, ಚೊಂಬು ಬೆಳಗಿದಳು. ಕೆಂಪು ತುಂಡು ಬಿಚ್ಚಿ ತನ್ನ ಸೆರಗಿನ ತುಂಡನ್ನು ಗೊಂಬೆಯ ಎದೆಗೆ ಹೊಲಿದಳು, ಸಣ್ಣ ಹೊಲಿಗೆ, ಗಟ್ಟಿ ಹೊಲಿಗೆ. ಬೇಗ ಬಿಚ್ಚಬೇಕಾದದ್ದಕ್ಕೆ ಯಾಕಿಷ್ಟು ಗಟ್ಟಿ ಎಂದು ಕೈಗೆ ಹೇಳಿದರೂ ಕೈ ಕೇಳಲಿಲ್ಲ. ಮುದುಕಿ ಏನಾದರೂ ಹೇಳಲಿ, ಬಂದ ಮಗಳನ್ನು ಯಾರು ಕಳಿಸುತ್ತಾರೆ ಎಂದೂ ಒಂದು ಗಳಿಗೆ ಯೋಚಿಸಿದಳು. ಕೊನೆಗೆ ಎಲ್ಲವನ್ನೂ ಬಿಚ್ಚಿ, ಉದ್ದುದ್ದ ಹೊಲಿಗೆ ಹಾಕಿ, ಏಳು ತುಂಡಿಗೂ ಒಂದೇ ದಾರ ಓಡಿಸಿ, ತುದಿಯನ್ನು ಗಂಟಿಲ್ಲದೆ ಹೊರಗೆ ಬಿಟ್ಟಳು.

ಮರುದಿನ ಉಚ್ಚಿಹೊತ್ತಿಗೆ ಆರು ಹೆಂಗಸರು ಎದುರು ಜಗಲಿಯಲ್ಲಿ ಕೂತರು. ವೆಳ್ಳೈಯಮ್ಮಾಳ್ ಒಳಗೆ, ಮಡಿಲಲ್ಲಿ ಗೊಂಬೆ, ಬೆರಳಿಗೆ ಸುತ್ತಿದ ದಾರದ ತುದಿ. ಬೀದಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಹೊಸ್ತಿಲ ಆಚೆಯ ಬಿಸಿಲು ನೋಡಿ ನೋಡಿ ಕಣ್ಣು ಕತ್ತಲೆ ಬಂತು. ಆ ಕತ್ತಲೆ ತಿಳಿಯಾಗುವಾಗ ಗೆಜ್ಜೆ ಸದ್ದಾಯಿತು. ಈ ಸಲ ಅದು ಹೊಸ್ತಿಲಲ್ಲಿ ನಿಲ್ಲಲಿಲ್ಲ.

ತಂಗಮ್ಮಾಳ್ ಎರಡೂ ಕೈಯಲ್ಲಿ ಚೊಂಬು ಎತ್ತಿದಳು. ತುಟಿ ಇನ್ನೂ ಒಡೆದೇ ಇತ್ತು. ಗಂಟಲು ಏರಿ ಇಳಿಯುವುದನ್ನು ತಾಯಿ ನೋಡುತ್ತ ಕೂತಳು. ಒಂದು ಹನಿ ಗಲ್ಲದಿಂದ ಜಾರಿ ಸಾರಿಸಿದ ನೆಲದ ಮೇಲೆ ಬಿತ್ತು. ಮುಟ್ಟಬೇಕು ಎಂದು ಕೈ ಚಾಚಿದಳು, ಬೆರಳಿಗೆ ಸುತ್ತಿದ್ದ ದಾರ ಬಿಗಿಯಾಯಿತು, ಕೈಯನ್ನು ಅಲ್ಲೇ ನಿಲ್ಲಿಸಿದಳು. ಮಗು ಪೂರ್ತಿ ಕುಡಿದು ಚೊಂಬನ್ನು ಕೆಳಗಿಟ್ಟಿತು.

ಹೊರಗೆ ಕೂತವರಿಗೆ ಏನೂ ಕೇಳಿಸಲಿಲ್ಲ. ನೆರಳು ಕಾಲಡಿಯಿಂದ ಒಂದು ಗೇಣು ಸರಿದ ಮೇಲೆ ವೆಳ್ಳೈಯಮ್ಮಾಳ್ ಬಾಗಿಲಿಗೆ ಬಂದಳು. ಬೀದಿ ದಾಟಿ, ಒಬ್ಬೊಬ್ಬರ ಕೈಗೂ ಅವರವರ ತುಂಡು ಕೊಟ್ಟಳು. ಯಾರದು ಯಾವುದು ಎಂದು ತಪ್ಪಲಿಲ್ಲ. ಗೊಂಬೆಯಿಂದ ಎಳೆದ ಉದ್ದನೆಯ ದಾರ ಅವಳ ಬೆರಳಲ್ಲೇ ಇತ್ತು, ಬೆರಳು ಕೊಯ್ದು ರಕ್ತ ಬಂದಿತ್ತು.

"ಕುಡಿದ್ಲಾ?" ಪೇಚ್ಚಿಯಮ್ಮಾಳ್ ಕೇಳಿದಳು.

"ಕುಡಿದ್ಲು." ವೆಳ್ಳೈಯಮ್ಮಾಳ್ ಮುದುಕಿಯ ಮುಂದೆ ಕೂತಳು. "ಇನ್ನೂ ಬೇಕು ಅವ್ವಾ ಅಂದ್ಲು, ಅಕ್ಕಾ. ನಾನು ಕೊಡ್ಲಿಲ್ಲ."